ಹೊಳೆಯದ ಗಂಟು

ಮಣಿಗಿರಿಯ ದೊರೆ ಇರುಗರಸ ಊರೂರಿಗೆ ಡಂಗುರ ಸಾರಿಸಿದ: “ನನ್ನ ಮಗಳು ಚೆಲ್ವಾಂಬೆ ಮೂರು ಒಗಟು ಕೇಳುತ್ತಾಳೆ. ಉತ್ತರ ಹೇಳಿ ಕಣ್ಣೆದುರು ರುಜುವಾತು ಮಾಡಿದವರು ಕೇಳಿದ್ದನ್ನು ಕೊಡುತ್ತೇನೆ. ತಪ್ಪಿದವರಿಗೆ ತಲೆದಂಡ.”

ಚೆಲ್ವಾಂಬೆಯ ಕೊರಳಲ್ಲಿ, ಎದೆಯೊಳಗೆ ಗಂಟಿನ ರೋಗ ಹಬ್ಬಿತ್ತು. ಉಗ್ರ ಮದ್ದು ಕುಡಿದು ತಲೆಗೂದಲೆಲ್ಲ ಉದುರಿತ್ತು. ಮದ್ದು ನಾಟಿತೇ ಎಂದು ನೋಡಲು ಅರಮನೆಯಲ್ಲಿ ಒಂದು ಮಾಯಾಕನ್ನಡಿಯಿತ್ತು. ಸಿಹಿ ಬೆರೆಸಿದ ನೀರು ಕುಡಿದು ಅದರ ಕೆಳಗೆ ಮಲಗಿದರೆ, ಮೈಯೊಳಗೆ ಸಿಹಿಯನ್ನು ಹೀರಿದ ಜಾಗವೆಲ್ಲ ಹೊಳೆಯುತ್ತಿತ್ತು. ರೋಗಕ್ಕೆ ಸಿಹಿಯ ಹಸಿವು ಹೆಚ್ಚು, ಹಾಗಾಗಿ ಅದು ಎದ್ದು ಹೊಳೆಯುತ್ತಿತ್ತು. ಆದರೆ ಕನ್ನಡಿ ಮಾಡಿದ ವೈದ್ಯೆ ತೀರಿಕೊಂಡಿದ್ದಳು. ಉಳಿದ ವೈದ್ಯರು ತಲೆಗೊಂದು ಮಾತು ಹೇಳಿ ಹುಡುಗಿ ರೋಸಿಹೋಗುವಂತೆ ಮಾಡಿದ್ದರು.

“ಎದೆಯ ಗಂಟು ಪೂರ್ತಿ ಕರಗಿಲ್ಲ. ಆದರೆ ಹೊಳೆಯುತ್ತಲೂ ಇಲ್ಲ. ಅದೇನು?” ಎಂದು ಅವಳು ಕೇಳಿದಳು.

“ಗಂಟಿದ್ದರೆ ರೋಗವಿದೆ. ಇನ್ನೂ ಉಗ್ರ ಮದ್ದು ಬೇಕು,” ಎಂದ ಮೊದಲ ವೈದ್ಯ. ರುಜುವಾತು ಕೇಳಿದರೆ ತಡವರಿಸಿದ. ತಲೆದಂಡದ ದಿನದವರೆಗೆ ಇರಲೆಂದು ಭಟರು ಸೆರೆಗೆ ಎಳೆದೊಯ್ದರು. “ಗ್ರಹಚಾರ,” ಎಂದ ಎರಡನೆಯವನೂ ಅವನ ಹಿಂದೆಯೇ ಹೋದ.

“ಇನ್ನಷ್ಟು ವಿಷ ಕುಡಿದರೆ ಸಾಯುತ್ತೇನೆ. ಬಿಟ್ಟರೂ ಸಾಯಬಹುದು. ಯಾರಿಗೂ ಗೊತ್ತಿಲ್ಲ!” ಎಂದು ಚೆಲ್ವಾಂಬೆ ಕಿರುಚಿದಳು.

ಆಗ ಹಗ್ಗ ಹೊಸೆಯುವ ಬೈರ ಮುಂದೆ ಬಂದ. “ತಾಯಿ, ನನಗೂ ಇದೇ ರೋಗವಿತ್ತು. ಆ ವೈದ್ಯಮ್ಮನೇ ಉಳಿಸಿದರು. ವಾಸಿಯಾಗಿ ವರ್ಷಗಳಾದವು. ನನ್ನನ್ನು ಮಲಗಿಸಿ ನೋಡಿ.”

ಕನ್ನಡಿಯಲ್ಲಿ ಅವನ ಎದೆಯಲ್ಲೂ ಒಂದು ಗಂಟು ಕಂಡಿತು, ಕಪ್ಪಗೆ.

“ಗಾಯ ಮಾಯ್ದರೂ ಕಲೆ ಉಳಿಯುತ್ತದಲ್ಲ, ಇದೂ ಹಾಗೆಯೇ. ರೋಗ ಸತ್ತಿದೆ,” ಎಂದ ಬೈರ.

“ನನ್ನ ತಲೆ, ಗುಂಡಿಗೆ ಸದಾ ಹೊಳೆಯುತ್ತವೆ. ರೋಗ ಅಲ್ಲಿಗೂ ಹೋಯಿತೇ?”

“ನನ್ನವೂ ಹೊಳೆಯುತ್ತಿವೆ, ನೋಡಿ. ಬಿಡುವಿಲ್ಲದೆ ದುಡಿಯುವ ಅಂಗಗಳಿಗೂ ಸಿಹಿ ಬೇಕು.”

ಅವಳ ದನಿ ಕುಗ್ಗಿತು. “ಮದ್ದು ಮುಗಿದದ್ದು ಮೊನ್ನೆ. ಕೊರಳಲ್ಲಿ ಹೊಸದಾಗಿ ಮಂದ ಬೆಳಕು ಕಾಣುತ್ತಿದೆ. ಅದು ರೋಗವೇ?”

ಅವಳು ಕನ್ನಡಿಯ ಕೆಳಗೆ ಮಲಗಿದಾಗ ಬೈರ ಆ ಬೆಳಕನ್ನು ನೋಡಿದ. “ಈಗ ಹೇಳಲಾಗದು. ಮದ್ದಿನಿಂದ ಬೆಂದ ಮೈ ಮಾಯುವಾಗಲೂ ಹೊಳೆಯುತ್ತದೆ. ಸುಧಾರಿಸಿದ ಮೇಲೆ ಮತ್ತೆ ನೋಡಬೇಕು.”

“ಮತ್ತೆ ಕಾಯಬೇಕಾ!” ಅವಳು ನೀರಿನ ತಂಬಿಗೆಯನ್ನು ಗೋಡೆಗೆ ಎಸೆದಳು.

“ನನಗೂ ಹೀಗೇ ಕಾಯಲು ಹೇಳಿದಾಗ ನಾನು ವೈದ್ಯಮ್ಮನ ಬಾಗಿಲಿಗೇ ಒದ್ದಿದ್ದೆ, ತಾಯಿ,” ಎಂದ ಬೈರ.

ಮಾತು ರುಜುವಾಗುವವರೆಗೆ ದೊರೆ ಅವನನ್ನೂ ಸೆರೆಯಲ್ಲಿಟ್ಟ. ಕೆಲವು ವಾರ ಕಳೆದು ಚೆಲ್ವಾಂಬೆ ಮತ್ತೆ ಕನ್ನಡಿಯ ಕೆಳಗೆ ಮಲಗಿದಳು. ಕೊರಳಿನ ಬೆಳಕು ಆರಿ ಕಪ್ಪಗಾಗಿತ್ತು. ದೊರೆ ಮಗಳ ಪಾದ ಹಿಡಿದು ಅತ್ತುಬಿಟ್ಟ.

“ಏನು ಬೇಕು, ಕೇಳು,” ಎಂದು ದೊರೆ ಸೆರೆಯಿಂದ ಕರೆಸಿ ಹೇಳಿದಾಗ ಬೈರ, “ಆ ವೈದ್ಯರನ್ನು ಬಿಟ್ಟುಬಿಡಿ, ಬುದ್ಧಿ. ಕನ್ನಡಿಯನ್ನು ಊರಿನವರಿಗೂ ತೆರೆಯಿರಿ,” ಎಂದ. ದೊರೆ ಎರಡನ್ನೂ ನಡೆಸಿಕೊಟ್ಟ. ಅದರ ಮೇಲೆ ಅರಮನೆಯ ಬಳಿ ಮನೆ, ಹೊಲ ಕೊಟ್ಟ.

“ಇನ್ನು ಮುಗಿಯಿತೇ?” ಎಂದು ಚೆಲ್ವಾಂಬೆ ಕೇಳಿದಳು.

“ಆರು ತಿಂಗಳು ಬಿಟ್ಟು ಇನ್ನೊಮ್ಮೆ ನೋಡಬೇಕು, ತಾಯಿ.”

ಅವಳು ಹಲ್ಲು ಕಚ್ಚಿದಳು. “ಹಾಗಾದರೆ ಅವತ್ತು ನೀನೂ ಬಂದು ಪಕ್ಕದಲ್ಲಿ ಕೂತಿರು. ನನಗೊಬ್ಬಳಿಗೇ ಕಾಯಲು ಆಗುವುದಿಲ್ಲ.”