ರೂಪಾಯಿಯ ವಾರಿಗೆಯವರು

ಅಕ್ಕಸಾಲಿಗ ಮೌನೇಶಾಚಾರಿಯ ಅಂಗಡಿಯಲ್ಲಿ, ಹಳೇ ನಾಣ್ಯ ಸಂಗ್ರಹಿಸುವ ಪಂಡರಿನಾಥರು ಒಂದು ಬೆಳ್ಳಿ ರೂಪಾಯಿಯನ್ನು ಭೂತಗನ್ನಡಿಯ ಕೆಳಗೆ ತಿರುಗಿಸಿ ತಿರುಗಿಸಿ ನೋಡಿದರು. "ಅಂಚು ಸವೆದಿಲ್ಲ, ಇಸವಿ ಅಳಿಸಿಹೋಗಿಲ್ಲ. ಈ ಇಸವಿಯದು ಈಗ ಎಲ್ಲೂ ಸಿಗುವುದಿಲ್ಲ ಆಚಾರ್ರೇ, ಇದು ನನಗಿರಲಿ" ಎಂದರು.

ರೂಪಾಯಿ ಬೀಗಿತು. ಕಳಚಿದ ಕೊಂಡಿ ಸರಿಮಾಡಿಸಿಕೊಂಡು ಪಕ್ಕದಲ್ಲೇ ಕೂತಿದ್ದ ಹಳೆಯ ಕಾಲ್ಗೆಜ್ಜೆಗೆ, "ದೂರ ಸರಿ. ನನ್ನ ವಾರಿಗೆಯವರು ಯಾರೂ ಉಳಿದಿಲ್ಲ, ಗೊತ್ತೇ?" ಎಂದಿತು.

"ಗೊತ್ತಿಲ್ಲದೆ ಏನು! ಅವರಲ್ಲಿ ನಾಲ್ವರನ್ನು ಇದೇ ಅಂಗಡಿಯ ಮೂಸೆಯಲ್ಲಿ ಕರಗಿಸಿ ನನ್ನನ್ನು ಮಾಡಿದರು. ಅಂಥವರೆಲ್ಲ ಕರಗಿದ್ದಕ್ಕೇ ನೀನು ಅಪರೂಪವಾದೆ" ಎಂದಿತು ಗೆಜ್ಜೆ.

ರೂಪಾಯಿಯ ದನಿ ಇಳಿಯಿತು. "ಮುಖ ಹೋಯಿತು, ಇಸವಿಯೂ ಹೋಯಿತು. ಅವರಿಗೆ ಬೇಸರವಿಲ್ಲವೇ?"

ಗೆಜ್ಜೆ ಉತ್ತರ ಕೊಡುವಷ್ಟರಲ್ಲಿ ಅದರ ಒಡತಿ ಅಜ್ಜಿ ಬಂದು, ಅದನ್ನೆತ್ತಿ ಮೊಮ್ಮಗಳ ಕಾಲಿಗೆ ತೊಡಿಸಿದಳು. ಮಗು ಘಲ್ ಘಲ್ ಎಂದು ಅಂಗಡಿ ತುಂಬ ಕುಣಿಯಿತು. ಪಂಡರಿನಾಥರು ರೂಪಾಯಿಯನ್ನು ಮಖಮಲ್ಲಿನ ಡಬ್ಬಿಯಲ್ಲಿಟ್ಟರು.

"ತಡಿ, ಈಗಲೇ ಮುಚ್ಚಿಕೊಳ್ಳಬೇಡ" ಎಂದು ರೂಪಾಯಿ ಡಬ್ಬಿಗೆ ಹೇಳಿತು. "ನಮ್ಮವರು ನಗುತ್ತಿದ್ದಾರೆ."