ಬಿಳಿ ಹಡಗು ಹತ್ತಿದ ಜವಳಿ ವ್ಯಾಪಾರಿ

"ಗುರುಗಳೇ, ಇಲ್ಲಿಗೆ ಬರುವ ಮೊದಲು ಎರಡು ಆಶ್ರಮಗಳಲ್ಲಿ ಇದ್ದು ಬಂದೆ. ಒಂದು ಕಡೆ ಧ್ಯಾನ ಚೆನ್ನಾಗಿತ್ತು, ಇನ್ನೊಂದು ಕಡೆ ಪಾಠ ಚೆನ್ನಾಗಿತ್ತು. ಮನೆಮಠ ಬಿಟ್ಟು ಬಂದದ್ದಕ್ಕೆ ತಕ್ಕ ಫಲ ಇಲ್ಲಿಯೇ ಸಿಗುತ್ತದೆ ಎಂದು ತಿಳಿಯುವುದು ಹೇಗೆ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಜವಳಿ ವ್ಯಾಪಾರಿ ಇದ್ದ. ಎರಡು ಬೆರಳಿನ ನಡುವೆ ಉಜ್ಜಿ ನೋಡದೆ ಯಾವುದನ್ನೂ ನಂಬುವವನಲ್ಲ. ಮದುವೆಯಾದಂದಿನಿಂದ ಅವನ ಹೆಂಡತಿಗೆ ಇದ್ದದ್ದು ಒಂದೇ ಆಸೆ. "ಅಂಗಡಿ ಇಲ್ಲದ ಕಡೆ ನಾಲ್ಕು ದಿನ ನಿಮ್ಮ ಜೊತೆ ಕೂತು ಮಾತಾಡಬೇಕು" ಎನ್ನುತ್ತಿದ್ದಳು. ಅಂಗಡಿ ಇಲ್ಲದ ಕಡೆ ಎಂದರೆ ಸಮುದ್ರವೇ ಸರಿ ಎಂದು ಕೊನೆಗೊಮ್ಮೆ ವ್ಯಾಪಾರಿಗೆ ತೋಚಿತು. ತಲೆ ನರೆತ ಮೇಲಾದರೂ ತೋಚಿತಲ್ಲ ಎಂದು ಅವಳಿಗೆ ಸಂತೋಷವಾಯಿತು.

ಐಷಾರಾಮಿ ಹಡಗಿನಲ್ಲಿ ಜನರನ್ನು ಸುತ್ತಾಡಿಸಿ ತರುವ ಕಂಪನಿಗಳು ಎರಡಿದ್ದವು. ಒಂದರದು ಬಿಳಿ ಹಡಗು, ಇನ್ನೊಂದರದು ನೀಲಿ ಹಡಗು. ಬಿಳಿ ಹಡಗಿನ ಟಿಕೆಟ್ ಮಾರುವವನು ಬೆಲೆ ಹೇಳಿದ ಕೂಡಲೇ ವ್ಯಾಪಾರಿ ತನ್ನ ಕಸುಬಿನ ರೂಢಿಯಂತೆ ಎದ್ದು ಬಾಗಿಲ ಕಡೆ ನಡೆದ. ಹಾಗೆ ಎದ್ದವನನ್ನು ಕೂಗಿ ಕರೆದು ಬೆಲೆ ಇಳಿಸುವುದು ಜವಳಿಯವರಲ್ಲಿ ಇದ್ದದ್ದೇ. ಇಲ್ಲಿ ಯಾರೂ ಕರೆಯಲಿಲ್ಲ. ಅವನು ಇನ್ನಷ್ಟು ನಿಧಾನವಾಗಿ ನಡೆದ. ಮೆಟ್ಟಿಲು ಇಳಿದು ಬೀದಿಯಲ್ಲಿ ನಿಂತು ಕಾದ. ಕೊನೆಗೆ ಕೊಡೆ ಮರೆತೆನೆಂದು ಹೇಳಿಕೊಂಡು ತಾನೇ ಹಿಂದಿರುಗಿದ. ಕೊಡೆ ಕೈಯಲ್ಲೇ ಇತ್ತು. ಟಿಕೆಟ್ ಮಾರುವವನು ಒಳ್ಳೆಯವನು, ನಗಲಿಲ್ಲ.

ಗಂಡ ಹೆಂಡತಿ ಬಿಳಿ ಹಡಗು ಹತ್ತಿದರು. ವ್ಯಾಪಾರಿ ಮೊದಲು ಕೋಣೆಯ ಪರದೆ ಉಜ್ಜಿ ನೋಡಿದ, ಆಮೇಲೆ ಹಾಸಿಗೆಯನ್ನು ಮೊಳ ಹಾಕಿ ಅಳೆದ. ನೀಲಿ ಹಡಗಿನ ಹಾಸಿಗೆ ಇದಕ್ಕಿಂತ ಅಗಲವೇನೋ ಎಂಬ ಹುಳು ತಲೆ ಹೊಕ್ಕಿತು. ಅವನ ಅದೃಷ್ಟಕ್ಕೆ, ಹಿಂದೆ ನೀಲಿ ಹಡಗಿನಲ್ಲಿ ಹೋಗಿ ಬಂದಿದ್ದ ಹಲ್ಲಿನ ವೈದ್ಯನೊಬ್ಬ ಅಲ್ಲೇ ಸಿಕ್ಕಿದ. ವ್ಯಾಪಾರಿ ಅವನ ಬೆನ್ನು ಬಿಡಲಿಲ್ಲ. ಅಲ್ಲಿ ದೋಸೆಗೆ ಎಷ್ಟು ಬಗೆಯ ಚಟ್ನಿ, ಈಜುಕೊಳದ ನೀರು ಬಿಸಿಯೋ ತಣ್ಣಗೋ, ಟವೆಲ್ ದಿನಾ ಬದಲಿಸುತ್ತಾರೋ ಇಲ್ಲವೋ ಎಂದು ಬಿಡಿಸಿ ಬಿಡಿಸಿ ಕೇಳಿದ. ಜನರ ಬಾಯಿ ತೆರೆಸಿ ಬದುಕುವ ವೈದ್ಯ ಇವನ ಬಾಯಿ ಮುಚ್ಚಿಸಲಾರದೆ ಸೋತ. ಇವನನ್ನು ಕಂಡರೆ ಕೋಣೆ ಸೇರಿ ಚಿಲಕ ಹಾಕಿಕೊಳ್ಳತೊಡಗಿದ.

ಸಂಜೆ ಹೆಂಡತಿ ಹಡಗಿನ ಮೇಲಂತಸ್ತಿನಿಂದ ಕರೆದಳು. "ರೀ, ಬನ್ನಿ ಇಲ್ಲಿ, ಸೂರ್ಯ ಮುಳುಗ್ತಾ ಇದ್ದಾನೆ."

"ನೀಲಿ ಹಡಗಲ್ಲಿ ಸೂರ್ಯನ್ನ ನೋಡೋಕೆ ಮೆತ್ತನೆ ಕುರ್ಚಿ ಹಾಕ್ತಾರಂತೆ ಕಣೇ" ಎಂದು ಅವನು ಕೆಳಗಿನಿಂದಲೇ ಹೇಳಿದ. ವೈದ್ಯನ ಬಾಗಿಲು ತೆರೆಯುವುದನ್ನೇ ಅವನು ಕಾಯುತ್ತಿದ್ದ.

ಮಾರನೆಯ ದಿನವೂ ಅವಳು ಕರೆದಳು. ಆಮೇಲೆ ಕರೆಯಲಿಲ್ಲ. ಸಮುದ್ರ ಅವಳಿಗೆ ಒಗ್ಗಿತು ಎಂದುಕೊಂಡು ವ್ಯಾಪಾರಿ ಸಮಾಧಾನಪಟ್ಟ.

ಮನೆಗೆ ಬಂದ ಮೇಲೆ ಅವನು ತೀರ್ಮಾನ ಹೇಳಿದ. "ಕೊಟ್ಟ ದುಡ್ಡಿಗೆ ಮೋಸ ಆಯ್ತೋ ಇಲ್ವೋ ಅಂತ ಈಗಲೇ ಹೇಳೋಕಾಗಲ್ಲ. ಮುಂದಿನ ವರ್ಷ ನೀಲಿ ಹಡಗಿಗೆ ಹೋಗೋಣ, ಆಗ ಗೊತ್ತಾಗುತ್ತೆ."

"ನೀವು ಹೋಗಿ ಬನ್ನಿ. ನಾನು ಹೋಗಿ ಬಂದಾಯ್ತು" ಎಂದಳು ಹೆಂಡತಿ.

"ನಾನೂ ಬಂದಿದ್ದೆನಲ್ಲೇ?"

"ಹೌದಾ? ನಾನು ನೋಡಲಿಲ್ಲ" ಎಂದು ಅವಳು ಒಗೆಯುವ ಬಟ್ಟೆಗಳನ್ನು ಬೇರೆ ಮಾಡತೊಡಗಿದಳು.

ಅವಳ ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಅಂಗಡಿಯಿಂದ ಒಂದು ಒಳ್ಳೆಯ ಸೀರೆ ತಂದು ಸರಿಮಾಡುತ್ತಿದ್ದ. ಸಮುದ್ರದಲ್ಲಿ ಏನೇನು ಕಂಡೆ ಎಂದು ವ್ಯಾಪಾರಿಗೆ ಅವಳನ್ನು ಕೇಳಬೇಕೆನಿಸಿತು. ನಾಚಿಕೆಯಾಗಿ, ಕೊಡೆ ಎತ್ತಿಕೊಂಡು ಅಂಗಡಿಗೆ ಹೊರಟ.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ.

"ಕೊನೆಗೆ ಯಾವ ಹಡಗು ಮೇಲೆಂದು ತಿಳಿಯಿತೇ, ಗುರುಗಳೇ?"

ಎದುರಿಗೇ ಕುಳಿತಿದ್ದ ಶಿಷ್ಯನನ್ನು ನೋಡಿ ಗುರುಗಳು, "ನೀನು ಇಲ್ಲಿಗೆ ಬಂದ ಮೇಲೆ ಹೇಳುತ್ತೇನೆ" ಎಂದರು.