ಧೂಪವಿಲ್ಲದ ಗುಡಿ: ಹೆಜ್ಜೇನಮ್ಮನ ಕ್ಷೇತ್ರಮಹಿಮೆ

ಪೂರ್ವಕಾಲದಲ್ಲಿ, ಶಿಲಾಮಯವಾದ ಈ ದೇಗುಲವನ್ನು ಕಟ್ಟಿಸಿದವರ ಹೆಸರೂ ಜನರ ಬಾಯಿಂದ ಮರೆಯಾಗಿದ್ದಾಗ, ಈ ಗಿರಿಯ ತಪ್ಪಲಿನ ಹಾಡಿಯ ಗುಡಿಸಲೊಂದರಲ್ಲಿದ್ದ ಬೊಳ್ಳನೆಂಬ ಜೇನುಬೇಟೆಗಾರನಿಗೆ ಒಂದು ಅಭ್ಯಾಸವಿತ್ತು: ಯಾವ ಜೇನಿನ ಬಳಿಗೆ ಹೋದರೂ, ಪರರ ಮನೆಯ ಹೊಸ್ತಿಲಲ್ಲಿ ನಿಂತವನಂತೆ, ಮೊದಲು ಮೆಲ್ಲನೆ ಕೆಮ್ಮುತ್ತಿದ್ದನು. ಕಾಡಿನ ಬಂಡೆಗಳಲ್ಲಿ ಹೊಗೆ ಹಾಕಿ ಜೇನಿಳಿಸುತ್ತಿದ್ದ ಅವನು, ದೇಗುಲದ ಸೂರಿನಡಿ ತೂಗುತ್ತಿದ್ದ ಹೆಜ್ಜೇನಿಗೆ ಮಾತ್ರ ಕೈಮುಗಿದು ಹಿಂದಿರುಗುತ್ತಿದ್ದನು.

ಆಗ ಈ ಸೀಮೆಯನ್ನಾಳುತ್ತಿದ್ದ ಮಲ್ಲರಸನೆಂಬ ಪಾಳೆಯಗಾರನು, ಕೋಟೆಗೆ ಕಲ್ಲು ಸಾಲದೆ, ಪೂಜೆ ನಿಂತುಹೋಗಿದ್ದ ಈ ಗುಡಿಯನ್ನೇ ಬಿಚ್ಚಿ ಒಯ್ಯಲು ಬಂದನು. ಸೂರಿನಡಿಯ ಮೊದಲ ಕಲ್ಲನ್ನು ಕಿತ್ತು ಉರುಳಿಸಿದೊಡನೆ ಹೆಜ್ಜೇನು ಎದ್ದಿತು. ಆಳುಗಳು ಹಾರೆ ಎಸೆದು ದಿಕ್ಕಾಪಾಲಾಗಿ ಓಡಿದರು. ಅರಸನು ಬೊಳ್ಳನನ್ನು ಹಿಡಿತರಿಸಿದನು.

“ನಿನ್ನ ನೆಂಟರಂತಲ್ಲೋ ಇವು. ಹೊಗೆ ಹಾಕಿ ಎಬ್ಬಿಸು.”

“ಕಾಡಿನ ಜೇನಾದ್ರೆ ಎಬ್ಬಿಸ್ತಿದ್ದೆ ಬುದ್ಧಿ. ಇದು ತಾಯಿ ಮನೇಲಿ ಕೂತದೆ.”

“ಹಾಗಾದರೆ ಸಂಜೆಗೆ ನಿನ್ನ ಹಾಡಿ ಉರಿಯುತ್ತದೆ. ಯಾವ ಹೊಗೆ ಬೇಕೋ ಆರಿಸಿಕೋ.”

ಹಾಡಿಯಲ್ಲಿ ಅವನ ಬಾಣಂತಿ ಮಗಳಿದ್ದಳು. ಬೊಳ್ಳನು ಹಸಿಸೊಪ್ಪಿನ ಪಂಜು ಹೊತ್ತಿಸಿ, ಎಂದಿನಂತೆ ಕೆಮ್ಮಿ, ಕಣ್ಣೊರೆಸಿಕೊಳ್ಳುತ್ತ ಅದನ್ನು ಸೂರಿನತ್ತ ಎತ್ತಿದನು. ಹೊಗೆ ಮೇಲೇರಲಿಲ್ಲ, ನೀರಿನಂತೆ ಕೆಳಗಿಳಿದು, ಮೆಟ್ಟಿಲಿಂದ ಮೆಟ್ಟಿಲಿಗೆ ಹರಿದು, ಬೊಳ್ಳನ ಕಾಲನ್ನೂ ಸೋಕದೆ ಸಾಗಿ, ಕುದುರೆಯ ಮೇಲಿದ್ದ ಅರಸನ ಕಣ್ಣುಗಳನ್ನು ಮುಸುಕಿತು. ಗರ್ಭಗೃಹದ ಕತ್ತಲೊಳಗಿಂದ, ಸಹಸ್ರ ರೆಕ್ಕೆಗಳು ಏಕಕಾಲಕ್ಕೆ ಮೊರೆದಂತೆ, ದಿವ್ಯವಾಣಿ ಕೇಳಿಸಿತು:

“ಬೆಟ್ಟ ಕೊಟ್ಟ ಕಲ್ಲು, ಜನ ಕಡೆದ ಕಲ್ಲು, ನಾನು ಬಂದದ್ದು ಆಮೇಲೆ. ಇದನ್ನು ಕಾಯುವವರೊಡನೆ ನಾನಿದ್ದೇನೆ.”

ದೃಷ್ಟಿಹೀನನಾದ ಅರಸನು ಕುದುರೆಯಿಂದಿಳಿದು, ತಡಕಾಡುತ್ತ ಬಂದು, ಉರುಳಿಬಿದ್ದ ಕಲ್ಲನ್ನು ತಬ್ಬಿ ಅತ್ತನು. ಹಾಡಿಗೆ ಅಭಯವಿತ್ತನು. ಕಣ್ಣು ಮರಳಿ ಬಂದಾಗ ಅವನು ಮೊದಲು ಕಂಡದ್ದು, ಕಲ್ಲು ಕಿತ್ತ ಜಾಗದಲ್ಲೇ ಬಂದು ಕೂತಿದ್ದ ಹೆಜ್ಜೇನನ್ನು.

“ಬೊಳ್ಳಣ್ಣ, ಇದನ್ನ ಮತ್ತೆ ಅಲ್ಲೇ ಇಡಬಹುದಾ? ನನಗೆ ಕೇಳೋ ಬಾಯಿಲ್ಲ, ನೀನೇ ತಾಯಿಯನ್ನ ಕೇಳು,” ಎಂದನು.

ಬೊಳ್ಳನು ಕೇಳಿದನು. ಹೆಜ್ಜೇನು ಆ ಜಾಗ ಬಿಟ್ಟು ಕದಲಲಿಲ್ಲ.

ಆ ಕಲ್ಲು ಇಂದಿಗೂ ಅಂಗಳದ ಈಶಾನ್ಯದಲ್ಲಿ ಬಿದ್ದಲ್ಲೇ ಇದೆ. ಈ ಸನ್ನಿಧಿಯಲ್ಲಿ ಧೂಪವಿಲ್ಲ, ಕರ್ಪೂರವಿಲ್ಲ. ಸಂರಕ್ಷಿತ ಸ್ಮಾರಕವೆಂಬ ಫಲಕ ನೆಟ್ಟು, ಸೋರುತ್ತಿದ್ದ ಛಾವಣಿಯನ್ನು ಸರಿಪಡಿಸಿದವರೂ ಆ ಕಲ್ಲನ್ನು ಕದಲಿಸಲಿಲ್ಲ. ಪ್ರತಿವರ್ಷ ಕಾಡು ಹೂಬಿಡುವ ಹೊತ್ತಿಗೆ ಬೊಳ್ಳನ ವಂಶದ ಹಿರಿಯರೊಬ್ಬರು ಅದರ ಮೇಲೆ ಕೈಯಿಟ್ಟು ನಿಂತು ಕೇಳುತ್ತಾರೆ. ನೆರೆದ ಭಕ್ತವೃಂದವೆಲ್ಲ, ಹೆಜ್ಜೇನು ಜಾಗ ಬಿಟ್ಟುಕೊಟ್ಟೀತೇ ಎಂದು ಸೂರಿನತ್ತ ನೋಡುತ್ತದೆ.

“ತಾಯಿ, ತೆಗೆದಲ್ಲೇ ಇಡೋಕೆ ಅಪ್ಪಣೆಯಾ?”